ಊರನ್ನೆಲ್ಲ ಒದ್ದ ಕೆಂಪಯ್ಯ

ನಮ್ಮಪ್ಪ ಒದೆಯದೆ ಬಿಟ್ಟವರು ನಮ್ಮೂರಲ್ಲಿ ಕಡಿಮೆ. ಊರಿನ ಯಜಮಾನರನ್ನು ಒದ್ದಿದ್ದಾನೆ, ಹಾಲಿನ ಡೇರಿ ಕಾರ್ಯದರ್ಶಿಯನ್ನು ಒದ್ದಿದ್ದಾನೆ, ಪಂಚಾಯ್ತಿ ಎಲೆಕ್ಷನ್ನಿಗೆ ಎದುರುಬದುರು ನಿಂತಿದ್ದ ಇಬ್ಬರನ್ನೂ ಒಂದೇ ಬೆಳಿಗ್ಗೆ ನಮ್ಮ ಜಗಲಿಯ ಮೇಲೆ ಬೋರಲು ಮಲಗಿಸಿ ಒಬ್ಬರಾದ ಮೇಲೊಬ್ಬರನ್ನು ಒದ್ದಿದ್ದಾನೆ. ಯಾರೂ ತಿರುಗಿ ಒದ್ದಿಲ್ಲ. ಎದ್ದು, ಸೊಂಟ ಆಡಿಸಿ ನೋಡಿಕೊಂಡು, ಎಲೆಅಡಿಕೆ ಇಟ್ಟು ಹೋಗಿದ್ದಾರೆ.

ಕಾರಣ ಇಷ್ಟೆ. ನಮ್ಮಪ್ಪ ಕೆಂಪಯ್ಯ ಹುಟ್ಟುವಾಗ ಎಲ್ಲರ ಹಾಗೆ ತಲೆ ಮುಂದಾಗಿ ಬರಲಿಲ್ಲ, ಕಾಲು ಮುಂದಾಗಿ ಬಂದ. ಹಾಗೆ ಹುಟ್ಟಿದವರ ಕಾಲಿಗೆ ಉಳುಕು ಬಿಡಿಸುವ ಶಕ್ತಿ ಇರುತ್ತದೆ ಅಂತ ನಮ್ಮ ಹುಣಸೂರು ಕಡೆ ನಂಬಿಕೆ. ಸೊಂಟ ಹಿಡಿದುಕೊಂಡರೆ, ಬೆನ್ನು ಉಳುಕಿದರೆ ಅಂಥವರಿಂದ ಒಂದು ಒದೆ ತಿಂದರೆ ಸಾಕು. ಹೆರಿಗೆಯಲ್ಲಿ ಸತ್ತು ಬದುಕಿದ ನಮ್ಮಜ್ಜಿ ಪುಟ್ಟಸಿದ್ದಮ್ಮ ತನ್ನ ಪಾಡನ್ನು ಮರೆತು, "ನನ್ ಮಗ ಬರೋವಾಗ್ಲೇ ಭೂಮಿನ ಒದ್ಕಂಡ್ ಬಂದ" ಅಂತ ಊರಿಗೆಲ್ಲ ಹೇಳಿಕೊಂಡು ತಿರುಗಿದಳಂತೆ. ಇನ್ನೂ ನೆಟ್ಟಗೆ ನಡೆಯಲು ಬಾರದ ಕೂಸನ್ನು ಕಂಕುಳಲ್ಲಿ ಎತ್ತಿಕೊಂಡು ಹೋಗಿ, ಅವರಿವರ ಬೆನ್ನಿಗೆ ಅದರ ಪಾದ ಒತ್ತಿಸಿ ಬರುತ್ತಿದ್ದಳು.

ಶಾಲೆಗೆ ಸೇರಿದ ಮೇಲೆ ಮೇಷ್ಟ್ರು ಬೆಳಿಗ್ಗೆ ಅಪ್ಪನಿಂದ ಸೊಂಟಕ್ಕೆ ಒದೆಸಿಕೊಂಡು, ಮಧ್ಯಾಹ್ನ ಮಗ್ಗಿ ಬರಲಿಲ್ಲ ಅಂತ ಅದೇ ಅಪ್ಪನಿಗೆ ಬಾರಿಸುತ್ತಿದ್ದರಂತೆ. ಮದುವೆಯ ಕಥೆ ಇದಕ್ಕಿಂತ ಚೆಂದ. ಅವ್ವನ ಊರು ಪಿರಿಯಾಪಟ್ಟಣದ ಹತ್ತಿರ. ಧಾರೆಯ ದಿನ ಅವ್ವನ ಅಪ್ಪ ಅಕ್ಕಿಮೂಟೆ ಎತ್ತಲು ಹೋಗಿ ಸೊಂಟ ಹಿಡಿದು, ಬಗ್ಗಿದವನು ಬಗ್ಗಿದ ಹಾಗೇ ನಿಂತುಬಿಟ್ಟ. ಮುಹೂರ್ತ ಮೀರುತ್ತಿತ್ತು. ಬಾಸಿಂಗ ಕಟ್ಟಿಕೊಂಡಿದ್ದ ಅಳಿಯ ಹಸೆಮಣೆಯಿಂದ ಎದ್ದು ಬಂದು, ನೆಂಟರಿಷ್ಟರ ಎದುರಿಗೆ ಮಾವನನ್ನು ಒದ್ದು, ಮತ್ತೆ ಹೋಗಿ ಕೂತ. ನೆಟ್ಟಗಾದ ಮಾವ ಬಂದು ಅದೇ ಕಾಲನ್ನು ತೊಳೆದು ಮಗಳನ್ನು ಧಾರೆ ಎರೆದುಕೊಟ್ಟ. ಅವ್ವ ಸಿಟ್ಟು ಬಂದಾಗಲೆಲ್ಲ ಇದನ್ನು ತೆಗೆಯುತ್ತಾಳೆ. "ತಾಳಿ ಕಟ್ಟಾಕ್ ಮುಂಚೇನೇ ನಮ್ಮಪ್ಪನ್ನ ಒದ್ದವ್ನು ನೀನು" ಅನ್ನುತ್ತಾಳೆ.

ಹಾಗಂತ ಸಿಕ್ಕಸಿಕ್ಕವರನ್ನು ಒದೆಯುವ ಹಾಗಿರಲಿಲ್ಲ. ಅಜ್ಜಿ ಕಟ್ಟಳೆ ಮಾಡಿಟ್ಟಿದ್ದಳು. ದುಡ್ಡು ಮುಟ್ಟಬಾರದು. ಒದ್ದ ಮೇಲೆ ಒದೆಸಿಕೊಂಡವರಿಗೆ ಕೈಮುಗಿಯಬೇಕು, ಕಾಲು ತಾಕಿಸಿದ ಪಾಪ ಹೋಗಲಿ ಅಂತ. ಎಲ್ಲಕ್ಕಿಂತ ಮುಖ್ಯವಾದದ್ದು, ಕಾಲೆತ್ತುವ ಮುಂಚೆ ಬಾಯಿಬಿಟ್ಟು ಕೇಳಬೇಕು: ಎಲ್ಲಿ, ಯಾವಾಗಿನಿಂದ, ತಲೆ ಗಿರ್ ಅಂತದಾ? ತಲೆ ತಿರುಗುತ್ತದೆ ಅಂದವರಿಗೆ ಯಾವ ಕಾರಣಕ್ಕೂ ಕಾಲೆತ್ತಕೂಡದು, ಹುಣಸೂರಿನ ಬಸ್ಸು ಹತ್ತಿಸಿ ಆಸ್ಪತ್ರೆಗೆ ಕಳಿಸಬೇಕು. ಅಜ್ಜಿಯ ಕಾಲದಲ್ಲಿ ಯಾರಿಗೋ ಏನೋ ಆಗಿತ್ತಂತೆ. ಅಪ್ಪ ಹೀಗೆ ಎಷ್ಟೋ ಜನರನ್ನು ಒದೆಯದೆ ವಾಪಸು ಕಳಿಸಿದ್ದನ್ನು ನಾನೇ ನೋಡಿದ್ದೇನೆ. ಅವರು ಮುಖ ಸಣ್ಣಗೆ ಮಾಡಿಕೊಂಡು ಹೋಗುತ್ತಿದ್ದರು.

ಇನ್ನು ಶಿವನಂಜಪ್ಪ ಮಾವನ ವಿಷಯ. ನೆಂಟನೇನಲ್ಲ, ಪಕ್ಕದ ಮನೆಯವನು. ಅಪ್ಪನೂ ಅವನೂ ಲಂಗೋಟಿ ಗೆಳೆಯರು. ಒಂದೇ ಎಮ್ಮೆಯ ಮೇಲೆ ಕೂತು ಕೆರೆಗೆ ಬಿದ್ದವರು, ಹುಣಸೂರಿಗೆ ಒಂದೇ ಸೈಕಲ್ಲಿನಲ್ಲಿ ಸಿನಿಮಾಕ್ಕೆ ಹೋದವರು. ಅಂಥವರು ಒಂದು ಆಡಿನ ದೆಸೆಯಿಂದ ಮಾತು ಬಿಟ್ಟರು. ಮಾವನ ಆಡು ನಮ್ಮ ಹೊಗೆಸೊಪ್ಪಿನ ಸಸಿಮಡಿಗೆ ನುಗ್ಗಿ ಹಾಳುಮಾಡಿತು. ಆಡು ಸಸಿ ತಿಂದಿತು ಅಂತ ಅಪ್ಪ. ಆಡು ಹೊಗೆಸೊಪ್ಪು ತಿನ್ನುವುದಿಲ್ಲ, ಬರೀ ತುಳಿಯಿತು ಅಂತ ಮಾವ. "ಆಡು ಮುಟ್ಟದ ಸೊಪ್ಪಿಲ್ಲ ಅಂತ ಗಾದೇನೇ ಐತೆ ಕಣ್ಲಾ" ಅಂದ ಅಪ್ಪ. "ಗಾದೆ ಮಾಡ್ದೋನು ಹೊಗೆಸೊಪ್ಪು ಬೆಳ್ದಿದ್ನಾ?" ಅಂದ ಮಾವ. ತಿಂದರೂ ತುಳಿದರೂ ಸಸಿ ಹೋದದ್ದು ಹೋಯಿತಲ್ಲ ಅಂತ ಕೇಳಿದ ಅವ್ವನಿಗೆ ಇಬ್ಬರೂ ಸೇರಿ ಬೈದರು. ಅವರಿಬ್ಬರೂ ಒಟ್ಟಿಗೆ ಮಾಡಿದ ಕೊನೆಯ ಕೆಲಸ ಅದೇ ಆಗಿತ್ತು.

ನಮ್ಮೂರಲ್ಲಿ ಮಾತು ಬಿಟ್ಟವರಿಗೂ ಒಂದು ಕಾನೂನಿದೆ. ಅಕ್ಕಪಕ್ಕದ ಮನೆಯಾದ ಮೇಲೆ ಹೇಳಲೇಬೇಕಾದ ಸಂಗತಿ ಏನಾದರೂ ಇದ್ದೇ ಇರುತ್ತದೆ. ಆಗ ಎದುರಿಗಿನ ಕಂಬಕ್ಕೋ ನಾಯಿಗೋ ಹೇಳಬೇಕು. ಆಚೆಯವನು ಕೇಳಿಸಿಕೊಳ್ಳಬೇಕು, ಆದರೆ ಕೇಳಿಸಿತು ಅಂತ ತೋರಿಸಿಕೊಳ್ಳಬಾರದು. ಮೊದಲು ನೇರವಾಗಿ ಮಾತಾಡಿದವನು ಸೋತ. ಮಾವ ನಮ್ಮ ಜಗಲಿಯ ಕಂಬದ ಕಡೆ ತಿರುಗಿ, "ಏ ಕಂಬ, ನಾಳೆ ಕರೆಂಟಿರಲ್ವಂತೆ ಕಣಪ್ಪ, ನೀರ್ ಬುಟ್ಕೊಳೋರು ಇವತ್ತೇ ಬುಟ್ಕೊಬೌದು" ಅನ್ನುತ್ತಿದ್ದ. ಅಪ್ಪ ಆಕಾಶ ನೋಡುತ್ತ ಕೂತಿದ್ದು, ಒಂದಷ್ಟು ಹೊತ್ತು ಬಿಟ್ಟು, ತನಗೇ ಹೊಳೆದವನ ಹಾಗೆ ಎದ್ದು ಹೋಗಿ ಮೋಟಾರು ಹಾಕುತ್ತಿದ್ದ. ವರ್ಷಗಟ್ಟಲೆ ಹೀಗೇ ನಡೆಯಿತು. ಆ ಕಂಬಕ್ಕೆ ಗೊತ್ತಿರುವಷ್ಟು ವಿಷಯ ನಮ್ಮ ಪಂಚಾಯ್ತಿ ಕಾರ್ಯದರ್ಶಿಗೂ ಗೊತ್ತಿಲ್ಲ.

ಹೋದ ವರ್ಷ ಸೊಪ್ಪು ಬೇಯಿಸುವ ಕಾಲದಲ್ಲಿ ಶಿವನಂಜಪ್ಪ ಮಾವ ಬ್ಯಾರನ್ನಿನಲ್ಲಿ ಬಿದ್ದ. ಬ್ಯಾರನ್ ಅಂದರೆ ಹೊಗೆಸೊಪ್ಪನ್ನು ಬಿಸಿಯಲ್ಲಿ ಹದ ಮಾಡುವ ಎತ್ತರದ ಮನೆ. ಒಳಗೆ ಅಂತಸ್ತು ಅಂತಸ್ತಾಗಿ ಗಳ ಕಟ್ಟಿರುತ್ತಾರೆ, ಸೊಪ್ಪು ಕಟ್ಟಿದ ಕಡ್ಡಿಗಳನ್ನು ಅವುಗಳ ಮೇಲೆ ಕಾಲಿಟ್ಟು ಹತ್ತಿ ಜೋಡಿಸಬೇಕು. ಮಾವನ ಕಾಲು ಜಾರಿ, ಬೀಳುವಾಗ ಕೆಳಗಿನ ಗಳ ಕತ್ತಿಗೆ ಬಡಿದು ತಲೆ ಲಕ್ ಅಂತ ಹಿಂದಕ್ಕೆ ಹೋಯಿತಂತೆ. ಎದ್ದು, ಧೂಳು ಕೊಡವಿಕೊಂಡು, ಮಿಕ್ಕ ಕಡ್ಡಿಗಳನ್ನೂ ಏರಿಸಿ ಬಂದ. ಆಮೇಲೆ ಕತ್ತು ತಿರುಗದಾಯಿತು. ಎಣ್ಣೆ ಹಚ್ಚಿದರು, ಮರಳು ಶಾಖ ಕೊಟ್ಟರು, ಹೋಗಲಿಲ್ಲ. ಡಾಕ್ಟರ ಹತ್ತಿರ ಹೋಗು ಅಂತ ಮಗ ನಟರಾಜು ಹೇಳಿದ. "ಪಕ್ಕದ್ ಮನೇಲೇ ಕಾಲ್ ಇಟ್ಕಂಡು ಹುಣಸೂರ್‌ಗ್ ಯಾಕೋಗ್ಲಿ?" ಅಂದನಂತೆ ಮಾವ. ವೈರ ಕೆಂಪಯ್ಯನ ಮೇಲೆ, ಕಾಲಿನ ಮೇಲಲ್ಲ.

ಅವತ್ತು ಭಾನುವಾರ. ಹುಣಸೂರಿನಲ್ಲಿ ನನ್ನದೊಂದು ಟೈಲರಿಂಗ್ ಅಂಗಡಿ ಇದೆ, ಭಾನುವಾರ ಮನೆಯಲ್ಲೇ ಮಷಿನ್ ತುಳಿಯುತ್ತೇನೆ. ಮಾವ ಹೆಂಡತಿ ಮಲ್ಲಾಜತ್ತೆಯನ್ನು ಮುಂದೆ ಬಿಟ್ಟುಕೊಂಡು ಬಂದು, ನಮ್ಮ ಜಗಲಿಯ ಮೇಲೆ ಅಪ್ಪನಿಗೆ ಬೆನ್ನು ಕೊಟ್ಟು ಕೂತ. ಅಪ್ಪನೂ ಆಚೆ ತಿರುಗಿಕೊಂಡ. ಇಬ್ಬರ ನಡುವೆ ಒಂದು ಗೇಣು ಜಾಗ ಇತ್ತು.

"ಕೆಂಪಣ್ಣ, ಇವ್ರುಗೆ ಕತ್ತು ಹಿಡ್ಕಂಡದೆ" ಅಂದಳು ಮಲ್ಲಾಜತ್ತೆ.

"ಎಲ್ಲಂತೆ?" ಅಂದ ಅಪ್ಪ.

ಅತ್ತೆ ಗಂಡನ ಕಡೆ ತಿರುಗಿ, "ಎಲ್ಲಂತೆ?" ಅಂದಳು.

"ಹಿಂದ್ಗಡೆ ಅನ್ನು" ಅಂದ ಮಾವ.

"ಹಿಂದ್ಗಡೆ ಅಂತೆ."

"ಯಾವಾಗ್ಲಿಂದಂತೆ?"

"ಯಾವಾಗ್ಲಿಂದಂತೆ?"

"ಬ್ಯಾರನ್ನಲ್ ಬಿದ್ದಾಗ್ಲಿಂದ ಅನ್ನು."

ನನಗೆ ನಗು ತಡೆಯಲಾಗಲಿಲ್ಲ, ಒಳಗೆ ಬಂದು ಮಷಿನ್ ತುಳಿಯತೊಡಗಿದೆ. ಅಷ್ಟರಲ್ಲಿ ಅವ್ವ ಕಾಫಿಗೆ ಕರೆದಳೆಂದು ಮಲ್ಲಾಜತ್ತೆಯೂ ಅಡುಗೆಮನೆಗೆ ಹೋದಳು. ಮಷಿನ್ ಸದ್ದಿನಲ್ಲಿ ಜಗಲಿಯ ಮೇಲೆ ಮುಂದೆ ಏನಾಯಿತೋ ನನಗೆ ಕೇಳಿಸಲಿಲ್ಲ. ನಾವು ಹೊರಗೆ ಬರುವ ಹೊತ್ತಿಗೆ ಒದೆ ಮುಗಿದಿತ್ತು. ಅಪ್ಪ ಮಾವನ ಬೆನ್ನಿಗೆ ಕೈಮುಗಿಯುತ್ತಿದ್ದ. ಮಾವ ಕತ್ತನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿ, "ವಾಸಿ ಕಣೇ" ಅಂತ ಹೆಂಡತಿಗೆ ಹೇಳಿ, ನೆಟ್ಟಗೆ ನಡೆದು ಮನೆಗೆ ಹೋದ. ಎಲೆಅಡಿಕೆಯನ್ನು ಕಂಬದ ಬುಡದಲ್ಲಿ ಇಟ್ಟಿದ್ದ.

ಮಾರನೆಯ ಬೆಳಿಗ್ಗೆ ಮಾವನಿಗೆ ಬಿಕ್ಕಳಿಕೆ ಶುರುವಾಯಿತು. ನಿಲ್ಲಲೇ ಇಲ್ಲ. ಬಿಕ್ಕಳಿಕೆ ಬಂತೆಂದರೆ ಎಲ್ಲೋ ಯಾರೋ ನೆನೆಸಿಕೊಳ್ಳುತ್ತಿದ್ದಾರೆ ಅಂತ ಲೆಕ್ಕ, ಅವರ ಹೆಸರು ಹೇಳಿದರೆ ನಿಲ್ಲುತ್ತದೆ. ಮನೆ ಮುಂದೆ ಜನ ಸೇರಿ ಒಂದೊಂದೇ ಹೆಸರು ಹೇಳತೊಡಗಿದರು. ಎಚ್.ಡಿ. ಕೋಟೆಯ ತಂಗಿ, ಕೆ.ಆರ್. ನಗರದ ಷಡ್ಡಕ, ಎನ್. ಬೇಗೂರಿನ ಬೀಗರು, ಸತ್ತುಹೋದ ತಾಯಿ. ಬದುಕಿದವರು ಸತ್ತವರು ಯಾರ ಹೆಸರಿಗೂ ನಿಲ್ಲಲಿಲ್ಲ. ಯಾರೋ ತಮಾಷೆಗೆ "ಕೆಂಪಯ್ಯ" ಅಂದರು. ಗಕ್ಕನೆ ನಿಂತಿತು. ಜನ ಹೋ ಅಂದರು. ಅವರ ಹೋ ಮುಗಿಯುವುದರೊಳಗೆ ಮತ್ತೆ ಬಂತು.

ಆಮೇಲೆ ಹೆದರಿಸುವ ಮದ್ದು. ಬೆಚ್ಚಿಬಿದ್ದರೆ ಬಿಕ್ಕಳಿಕೆ ಹೋಗುತ್ತದಲ್ಲ. ಒಬ್ಬ ಬೀದಿಯಿಂದ ಓಡಿಬಂದು, "ಶಿವನಂಜಣ್ಣೋ, ಬ್ಯಾರನ್ನಿಗೆ ಬೆಂಕಿ ಬಿತ್ತು!" ಅಂತ ಕೂಗಿದ. ಮಾವ ಧಡಕ್ಕನೆ ಎದ್ದು ನಿಂತವನು ಎಡಕ್ಕೆ ವಾಲಿ ಗೋಡೆಗೆ ಬಿದ್ದ. ಎತ್ತಿ ನಿಲ್ಲಿಸಿದರು, ಮತ್ತೆ ಎಡಕ್ಕೇ ಬಿದ್ದ. ಜನ ನಕ್ಕರು. ಬೆಳಿಗ್ಗೆಯೇ ಹಾಕಿಕೊಂಡಿದ್ದಾನೆ ಅಂದರು. ಬಸ್ಸಿಗೆ ಹೊರಟಿದ್ದ ನಾನು ಅಲ್ಲೇ ನಿಂತೆ. ಮಾವನ ಎಡಗಣ್ಣಿನ ರೆಪ್ಪೆ ಅರ್ಧ ಇಳಿಬಿದ್ದಿತ್ತು. ಏನೋ ಹೇಳಲು ಹೋದ, ಗಂಟಲಿನಿಂದ ಬರೀ ಗಾಳಿ ಬಂತು. ಮಲ್ಲಾಜತ್ತೆ ಕುಡಿಸಿದ ನೀರು ಮೂಗಿನಲ್ಲಿ ಬಂತು.

"ನಗ್ತೀರಲ್ರೀ, ಮನುಷ್ಯ ಓಯ್ತಾವ್ನೆ!" ಅಂತ ಕಿರುಚಿದೆ. ನನ್ನ ಬಾಯಿ ಊರಿಗೆಲ್ಲ ಗೊತ್ತು, ಎಲ್ಲರೂ ಸುಮ್ಮನಾದರು. ನೂರೆಂಟಕ್ಕೆ ಫೋನ್ ಮಾಡಿದೆ. ಆಂಬುಲೆನ್ಸ್ ಬಂದಾಗ ಮಲ್ಲಾಜತ್ತೆ, ನಟರಾಜು, ನಾನು ಹತ್ತಿಕೊಂಡೆವು. ಅಪ್ಪ ನಮ್ಮ ಜಗಲಿಯ ಮೇಲೆ ನಿಂತು ನೋಡುತ್ತಿದ್ದ. ಇಳಿದು ಬರಲಿಲ್ಲ.

ಮೈಸೂರಿನ ಆಸ್ಪತ್ರೆಯಲ್ಲಿ ಡಾಕ್ಟರ್ ಬೃಂದಾ ಅಂತ ಒಬ್ಬರು ನೋಡಿದರು. ಕಣ್ಣಿಗೆ ಬೆಳಕು ಬಿಟ್ಟು, ಮುಖ ಮುಟ್ಟಿ, ಕೈಕಾಲಿಗೆ ಪಿನ್ನು ತಾಕಿಸಿ ನೋಡಿದ ಮೇಲೆ, "ಇವರ ಕತ್ತಿಗೆ ಏನಾದರೂ ಪೆಟ್ಟು ಬಿದ್ದಿತ್ತಾ?" ಅಂತ ಕೇಳಿದರು.

ನಾವು ಮೂವರೂ ನೆಲ ನೋಡಿದೆವು.

"ಬ್ಯಾರನ್ನಲ್ಲಿ ಬಿದ್ರು ಮೇಡಂ" ಅಂದ ನಟರಾಜು.

"ಅದಾದ ಮೇಲೆ?"

"ಆಮ್ಯಾಲೆ ಒಂದ್ ಕಾಲು ತಾಕ್ತು" ಅಂದಳು ಮಲ್ಲಾಜತ್ತೆ.

"ಯಾರ ಕಾಲು?"

"ಪಕ್ಕದ್ ಮನೆ ಕೆಂಪಣ್ಣಂದು."

"ಅವರು ಒದ್ದರಾ? ಜಗಳ ಆಯ್ತಾ?"

"ಇಲ್ಲ ಮೇಡಂ, ಜಗಳ ಆಗಿ ಬಾಳ ವರ್ಸ ಆಯ್ತು. ನಾವೇ ಓಗಿ ಒದಿ ಅಂದೊ."

"ಜಗಳ ಆಡಿದವರ ಹತ್ತಿರ ಹೋಗಿ ಒದೆಯಿರಿ ಅಂದಿರಾ?"

"ಇನ್ಯಾರತ್ರ ಓಗಾನ? ನಮ್ಮೂರಲ್ಲಿ ಕಾಲು ಮುಂದಾಗಿ ಹುಟ್ಟಿರೋನು ಅವ್ನೊಬ್ನೇ ಅಲ್ವಾ."

ಡಾಕ್ಟರು ಪೆನ್ನು ಕೆಳಗಿಟ್ಟು ನನ್ನ ಮುಖ ನೋಡಿದರು. ನಾನು ಉಳುಕು, ಒದೆ, ಎಲೆಅಡಿಕೆ ಎಲ್ಲ ಬಿಡಿಸಿ ಹೇಳಿದೆ. ಅವರು ನಗಲಿಲ್ಲ, ಬೈಯಲೂ ಇಲ್ಲ. ಒಳ್ಳೆಯ ಹೆಂಗಸು. ಸ್ಕ್ಯಾನ್ ಎಲ್ಲ ಆದ ಮೇಲೆ ಕರೆದು ಕೂರಿಸಿ ಹೇಳಿದರು. ಕತ್ತಿನ ಹಿಂಭಾಗದಲ್ಲಿ, ಮೂಳೆಗಳ ತೂತಿನೊಳಗೆ ಹಾದು ಮೆದುಳಿಗೆ ರಕ್ತ ಒಯ್ಯುವ ಎರಡು ನಾಳ ಇವೆ. ಮಾವನಿಗೆ ಅವುಗಳಲ್ಲಿ ಒಂದರ ಒಳಪದರ ಹರಿದಿದೆ. ಅಲ್ಲಿ ರಕ್ತ ಹೆಪ್ಪುಗಟ್ಟಿ, ಮೆದುಳಿನ ಬುಡಕ್ಕೆ ಹೋಗುವ ದಾರಿ ಕಟ್ಟಿಹೋಗಿ ಸ್ಟ್ರೋಕ್ ಆಗಿದೆ. ನುಂಗುವುದು, ದನಿ, ನಿಂತಾಗಿನ ಸಮತೋಲ, ಎಲ್ಲದರ ಹಿಡಿತ ಇರುವುದು ಆ ಬುಡದಲ್ಲಂತೆ. ಬಿಕ್ಕಳಿಕೆಯೂ ಅದರದ್ದೇ. ಬ್ಲೌಸಿನ ಲೈನಿಂಗ್ ಒಳಗೇ ಹರಿದು ಸುತ್ತಿಕೊಂಡರೆ ಕೈ ತೂರುವುದಿಲ್ಲ, ಹೊರಗಿನಿಂದ ನೋಡಿದರೆ ಬಟ್ಟೆ ಚೆನ್ನಾಗೇ ಇರುತ್ತದೆ. ನನಗೆ ಹಾಗೆ ಅರ್ಥವಾಯಿತು.

"ಹರಿದದ್ದು ಬಿದ್ದಿದ್ದಕ್ಕಾ, ಒದ್ದಿದ್ದಕ್ಕಾ?" ಅಂತ ಕೇಳಿದೆ.

"ಖಂಡಿತವಾಗಿ ಹೇಳೋಕೆ ಆಗಲ್ಲಮ್ಮ. ಬಿದ್ದಾಗಲೇ ಹರಿದಿದ್ದಿರಬಹುದು, ಒದೆ ಅದನ್ನು ಜಾಸ್ತಿ ಮಾಡಿರಬಹುದು. ಒದೆಯೋ ಮುಂಚೆ ಅವರಿಗೆ ತಲೆ ತಿರುಗ್ತಿತ್ತಾ?"

"ಇಲ್ಲ ಮೇಡಂ. ಇದ್ದಿದ್ರೆ ನಮ್ಮಪ್ಪ ಒದೀತಾನೇ ಇರ್ಲಿಲ್ಲ" ಅಂದೆ. ಆ ಮಾತನ್ನು ಎಷ್ಟು ಹೆಮ್ಮೆಯಿಂದ ಹೇಳಿದೆನೋ.

ರಾತ್ರಿ ಊರಿಗೆ ವಾಪಸಾಗಿ, ಮುಂದಿನ ದಿನ ಅಪ್ಪನನ್ನು ಮೈಸೂರಿಗೆ ಕರೆದುಕೊಂಡು ಹೊರಟೆ. ಹುಣಸೂರಿನಲ್ಲಿ ಬಸ್ಸು ಹತ್ತಿದೆವು. ಡಾಕ್ಟರು ಹೇಳಿದ್ದನ್ನೆಲ್ಲ ಅವನಿಗೆ ಹೇಳಿದೆ. ತಲೆ ತಿರುಗುವ ವಿಚಾರ ಬಂದದ್ದೇ ಅಪ್ಪ ಟವೆಲ್ಲಿನಿಂದ ಬಾಯಿ ಮುಚ್ಚಿಕೊಂಡ.

"ರಮ್ಯ, ಅವ್ನು ಹೇಳ್ದ ಕಣವ್ವ."

"ಏನ್ ಹೇಳ್ದ?"

"ನೀವೆಲ್ಲಾ ಒಳಕ್ಕೋದ್ರಲ್ಲ, ಆಗ. ಕಂಬಕ್ಕೆ ಹೇಳ್ದ. 'ತಲೆ ಬೇರೆ ಗಿರ್ ಅಂತದೆ ಕಣಪ್ಪ ಕಂಬ' ಅಂದ. ನಂಗೆ ಕೇಳುಸ್ತು."

ನನಗೆ ಮೈಯೆಲ್ಲ ಉರಿದುಹೋಯಿತು. "ಕೇಳುಸ್ಕಂಡೂ ಒದ್ದಾ?"

"ಮಲ್ಲಾಜವ್ವ ಹೇಳಿದ್ರೆ ನಿಲ್ಲುಸ್ತಿದ್ದೆ. ಅವ್ಳಿರ್ಲಿಲ್ಲ. ನಾನ್ ಕಾಲ್ ಇಳುಸುದ್ರೆ ಕೇಳುಸ್ಕಂಡಂಗಾಯ್ತದೆ. ಯಾಕಪ್ಪಾ ಅಂತ ಅವ್ನ್ ಕೇಳ್ತಾನೆ. ನಾನ್ ಬಾಯ್ ಬುಡಬೇಕಾಯ್ತದೆ."

"ಸೋತಂಗಾಯ್ತದೆ, ಅಲ್ವಾ?"

ನಾನು ಬಸ್ಸು ಅಂತ ನೋಡದೆ ಬೈದೆ. ಕತ್ತೆ ಅಂದೆ, ಕಟುಕ ಅಂದೆ. ಅಷ್ಟರಲ್ಲಿ ಕಂಡಕ್ಟರು ಬಂದು, ಅಪ್ಪನ ಗುರುತು ಹಿಡಿದು, ಹಲ್ಲು ಬಿಟ್ಟುಕೊಂಡು, "ಕೆಂಪಣ್ಣೋರಾ! ಬಿಳಿಕೆರೇಲಿ ಬಸ್ ನಿಲ್ಲಿಸ್ತೀನಿ, ಸೊಂಟಕ್ಕೊಂದು ಹಾಕ್ಬುಡಿ ಸಾಮಿ, ಕೂರಾಕಾಯ್ತಾ ಇಲ್ಲ" ಅಂದ. ಅಪ್ಪ ಕಾಲೆರಡನ್ನೂ ಸೀಟಿನ ಕೆಳಗೆ ಎಳೆದುಕೊಂಡು ಅಳಲು ಶುರುಮಾಡಿದ. ಕಂಡಕ್ಟರು ತಾನೇನು ತಪ್ಪು ಮಾತಾಡಿದೆನೋ ಅನ್ನುವ ಹಾಗೆ ನನ್ನ ಮುಖ ನೋಡಿದ.

ಐಸಿಯುನಲ್ಲಿ ಮಾವನ ಮೂಗಿಗೆ ನಳಿಗೆ ಹಾಕಿದ್ದರು. ಅಪ್ಪ ಹೇಳಿಬಿಡುತ್ತೇನೆ ಅಂತಲೇ ಒಳಗೆ ಹೋದ. ಮಂಚದ ಪಕ್ಕ ನಿಂತ, ಬಾಯಿ ತೆರೆದ, ಮುಚ್ಚಿದ. ಮಾವ ಕಣ್ಣು ಬಿಟ್ಟು ಅವನನ್ನೇ ನೋಡುತ್ತಿದ್ದ. ನರ್ಸು ಟೈಮಾಯಿತು ಅಂದಳು. ಹೊರಗೆ ಬಂದು, "ಅವ್ನು ಅಂಗೇ ಓಗ್ಬುಟ್ರೆ ನಾನ್ ಯಾರಿಗ್ ಹೇಳ್ಲವ್ವಾ?" ಅಂತ ನನ್ನನ್ನು ಕೇಳಿದ. ಅದೊಂದೇ ಭಯ ಅವನನ್ನು ಆಮೇಲೆ ಬಿಡದೆ ತಿಂದಿತು. ಊಟಕ್ಕೆ ಕೂತರೂ ಅದೇ, ಹೊಲಕ್ಕೆ ಹೋದರೂ ಅದೇ.

ಆಸ್ಪತ್ರೆಯವರು ನಿಯಮದ ಪ್ರಕಾರ ತಿಳಿಸಿದ್ದರಿಂದ ಪೊಲೀಸರು ನಮ್ಮ ಮನೆಗೆ ಬಂದರು. ಒಬ್ಬ ಸಬ್‌ಇನ್ಸ್‌ಪೆಕ್ಟರು, ಒಬ್ಬ ವಯಸ್ಸಾದ ಹೆಡ್ ಕಾನ್‌ಸ್ಟೆಬಲ್.

"ನಾನೇ ಒದ್ದಿದ್ದು ಸಾ, ಕರ್ಕಂಡೋಗಿ" ಅಂದ ಅಪ್ಪ, ಎರಡೂ ಕೈ ಮುಂದೆ ಚಾಚಿ. ಹೊರಡುವುದಕ್ಕೆ ಒಗೆದ ಪಂಚೆ ಉಟ್ಟು ತಯಾರಾಗಿದ್ದ.

ಸಬ್‌ಇನ್ಸ್‌ಪೆಕ್ಟರು ನಟರಾಜುವನ್ನು ಕೇಳಿದರು. "ಕಂಪ್ಲೇಂಟ್ ಕೊಡ್ತೀಯೇನಯ್ಯ?"

"ಏನಂತ ಕೊಡ್ಲಿ ಸಾ? ನಾವೇ ಓಗಿ ಒದುಸ್ಕಂಡಿದ್ದು. ಎಲೆಅಡಿಕೇನೂ ಕೊಟ್ಟಿದ್ದೀವಿ."

"ದ್ವೇಷ ಇತ್ತಂತಲ್ಲ?"

"ಇತ್ತು ಸಾ, ಆಡಿನ್ ವಿಸ್ಯ. ಅದುಕ್ಕೂ ಕತ್ತಿಗೂ ಸಂಬಂಧ ಇಲ್ಲ."

ಆಡು ಸಸಿ ತಿಂದಿತೋ ತುಳಿಯಿತೋ ಅಂತ ಅಲ್ಲಿ ಸೇರಿದ್ದ ಜನ ಎರಡು ಪಂಗಡವಾಗಿ ವಾದ ಹೂಡಿದರು. ಸಬ್‌ಇನ್ಸ್‌ಪೆಕ್ಟರು ಸಾಕಾಗಿ ಜೀಪಿಗೆ ಹೋಗಿ ಕೂತರು. ಹೆಡ್ ಕಾನ್‌ಸ್ಟೆಬಲ್ಲು ಹಿಂದೆ ಉಳಿದು, ಮೆಲ್ಲಗೆ ಅಪ್ಪನ ಹತ್ತಿರ ಬಂದು, ಬೆಲ್ಟು ಸಡಿಲ ಮಾಡಿಕೊಂಡು, "ಸಾಹೇಬ್ರು ನೋಡೋದ್ರೊಳಗೆ ಇಲ್ಲೊಂದು..." ಅಂದರು. ಅಪ್ಪ ಒಳಗೆ ಹೋಗಿ ಬಾಗಿಲು ಹಾಕಿಕೊಂಡ.

ಅಪ್ಪನನ್ನು ಯಾರೂ ತಪ್ಪಿತಸ್ಥ ಅನ್ನಲೇ ಇಲ್ಲ, ಅದೇ ಅವನಿಗೆ ಶಿಕ್ಷೆಯಾಯಿತು. ಗ್ರಹಚಾರ ಅಂದರು, ಶನಿಕಾಟ ಅಂದರು. ಬರುವವರ ಸಂಖ್ಯೆ ಕಡಿಮೆಯಾಗಲಿಲ್ಲ, ಹೆಚ್ಚಾಯಿತು. ಒದ್ದು ಶತ್ರುವಿನ ಬಾಯಿ ಕಟ್ಟಿಸಿದ ಕಾಲು ಅಂತ ಹೊಳೆಯಾಚೆಗೂ ಸುದ್ದಿ ಹಬ್ಬಿತ್ತು. ಕೆ.ಆರ್. ನಗರದಿಂದ ಒಬ್ಬ ಕಾರು ಮಾಡಿಕೊಂಡು ಬಂದು, ತನ್ನ ಅಣ್ಣನಿಗೆ ಕತ್ತುನೋವಿದೆ, ಕರೆತರುತ್ತೇನೆ, ಸ್ವಲ್ಪ ಜೋರಾಗಿ ಒದೆಯಬೇಕು ಅಂತ ಕಣ್ಣು ಮಿಟುಕಿಸಿದ. ಅವ್ವ ಅವನನ್ನು ಪೊರಕೆ ಹಿಡಿದು ಓಡಿಸಿದಳು. ಅಪ್ಪ ಹುಣಸೂರಿನ ಸಂತೆಯಿಂದ ಒಂದು ಜೊತೆ ಬಿಳಿ ಕ್ಯಾನ್ವಾಸ್ ಶೂ ತಂದುಕೊಂಡ. ಪಂಚೆ ಉಟ್ಟು, ಶೂ ಹಾಕಿಕೊಂಡು ಕೆಸರುಗದ್ದೆಗೆ ಇಳಿಯುತ್ತಿದ್ದ. ಕಾಲು ಕಾಣಿಸಿದರೆ ತಾನೆ ಕೇಳುವುದು ಅಂದ. ಊರು ನಕ್ಕಿತು.

ಶಿವನಂಜಪ್ಪ ಮಾವ ಸಾಯಲಿಲ್ಲ. ಮೊದಲು ನಳಿಗೆಯಲ್ಲಿ ಗಂಜಿ, ಆಮೇಲೆ ಚಮಚದಲ್ಲಿ ಮಂದವಾಗಿ ಮಾಡಿದ ಅಂಬಲಿ, ಹಾಗೆ ನುಂಗುವುದನ್ನು ಕೂಸಿನ ಹಾಗೆ ಹೊಸದಾಗಿ ಕಲಿತ. ಬಿಕ್ಕಳಿಕೆ ನಿಂತಿತು. ದನಿ ಅರ್ಧ ಮರಳಿತು, ಕೆರೆದು ಕೆರೆದು ಬರುತ್ತಿತ್ತು. ಬಲಗೈಗೆ ಬಿಸಿ ತಂಪು ಒಂದೂ ತಿಳಿಯದು, ಎಡಗಡೆಗೆ ವಾಲುವುದು ನಿಂತಿರಲಿಲ್ಲ. ಮನೆಗೆ ಕರೆತಂದ ದಿನ ಊರೆಲ್ಲ ನೋಡಿಬಂತು. ಅಪ್ಪ ಹೋಗಲಿಲ್ಲ. ಮಧ್ಯೆ ಇರುವುದು ಒಂದು ಮೋಟುಗೋಡೆ, ಅದನ್ನು ದಾಟಲು ಅವನಿಗೆ ಎಷ್ಟೋ ದಿನ ಬೇಕಾಯಿತು.

ಕೊನೆಗೊಂದು ಸಂಜೆ ಶೂ ಬಿಚ್ಚಿಟ್ಟು, "ನೀನೂ ಬಾ ಮಗ, ನನ್ ಬಾಯ್ ಕಟ್ಟೋದ್ರೆ ನೀನೇ ಹೇಳ್ಬುಡು" ಅಂದ. "ನಾನ್ ಬತ್ತೀನಿ, ಹೇಳಕಿಲ್ಲ" ಅಂದೆ. ಮಾವ ಅಂಗಳದಲ್ಲಿ ಕುರ್ಚಿಯ ಮೇಲೆ, ಎಡಗಡೆಗೆ ಒಂದು ದಿಂಬು ಒತ್ತರಿಸಿಕೊಂಡು ಕೂತಿದ್ದ. ಮಲ್ಲಾಜತ್ತೆ ನಮ್ಮನ್ನು ನೋಡಿ ಒಳಗೆ ಹೋದಳು. ಅಪ್ಪ ನೆಲದ ಮೇಲೆ, ಮಾವನ ಮುಖಕ್ಕೆ ಮುಖ ಕೊಟ್ಟು ಕೂತ.

"ಶಿವನಂಜ" ಅಂದ.

ಆ ಹೆಸರು ಅಪ್ಪನ ಬಾಯಲ್ಲಿ ಬಂದು ಎಷ್ಟು ಕಾಲವಾಗಿತ್ತು! ಮಾವ ನೆಟ್ಟಗಿದ್ದ ಕಣ್ಣಿನ ರೆಪ್ಪೆ ಎತ್ತಿದ.

"ತಲೆ ತಿರುಗ್ತದೆ ಅಂದ್ಯಲ್ಲ ಅವತ್ತು. ನಂಗ್ ಕೇಳುಸ್ತು ಕಣೋ. ಕೇಳುಸ್ಕಂಡೇ ಒದ್ದೆ."

ಮಾವ ಉಗುಳು ನುಂಗಿದ. ಅದೇ ಅವನಿಗೆ ಒಂದು ದೊಡ್ಡ ಕೆಲಸ. ಆಮೇಲೆ, "ಗೊತ್ತು" ಅಂದ.

"ಗೊತ್ತಿತ್ತಾ?"

"ಕೇಳ್ಲಿ ಅಂತ್ಲೇ ಗಟ್ಟಿಯಾಗಂದಿದ್ದು. ನಿನ್ ಉಸ್ರು ನಿಂತ್ಕಂತಲ್ಲ, ಆಗ್ಲೇ ಗೊತ್ತಾಯ್ತು."

"ಗೊತ್ತಿದ್ಮೇಲೆ ಯಾಕ್ಲಾ ಕತ್ ಕೊಟ್ಟೆ? ಎದ್ದೋಗಬಾರ್ದಿತ್ತಾ?" ಅಂದ ಅಪ್ಪ.

ಮಾವ ಎಡಗಡೆಯ ದಿಂಬನ್ನು ಸರಿಮಾಡಿಕೊಂಡ.

"ಕಾಲೆತ್ತದ್ ಬುಟ್ಟು 'ಏನಾಯ್ತ್ಲಾ ಶಿವನಂಜ' ಅಂತ ಕೇಳ್ತೀಯಾ ಅಂತ ಕಾಯ್ತಿದ್ದೆ ಕಣ್ಲಾ" ಅಂದ.

ಅಪ್ಪ ಗೊಳೋ ಅಂತ ಅತ್ತ. ಅವನ ಬೆನ್ನ ಮೇಲೆ ಕೈ ಹಾಕಲು ಬಗ್ಗಿದ ಮಾವ ದಿಂಬು ಜಾರಿ ಎಡಕ್ಕೆ ವಾಲಿಬಿಟ್ಟ. ನಾನು ಓಡುವುದರೊಳಗೆ ಅಪ್ಪ ಎರಡೂ ಕೈಯಿಂದ ಹಿಡಿದುಕೊಂಡಿದ್ದ.